ತಂತಿಗೊಂದು ಅಳತೆ ಇದೆ: ಓದುಗರ ಪ್ರಶ್ನೆ, ರೇಡಿಯೋ ರಿಪೇರಿಯವನ ಉತ್ತರ

ಹೋದ ತಿಂಗಳು ಈ ಅಂಕಣದ ಕೊನೆಯಲ್ಲಿ "ಏರಿಯಲ್, ಆಂಟೆನಾ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ" ಅಂತ ಒಂದು ಸಾಲು ಹಾಕಿದ್ದೆ. ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ತೀರ್ಥಹಳ್ಳಿಯಲ್ಲಿ 1979ರಿಂದ 2016ರವರೆಗೆ ನನ್ನದೊಂದು ರೇಡಿಯೋ, ಟಿವಿ ರಿಪೇರಿ ಅಂಗಡಿ ಇತ್ತು. ಆಗ ಕೌಂಟರ್ ಮುಂದೆ ನಿಂತು ಜನ ಕೇಳುತ್ತಿದ್ದ ಪ್ರಶ್ನೆಗಳೇ ಈಗ ಕಾಗದದಲ್ಲಿ ಬಂದಿವೆ. ಕೆಲವಕ್ಕೆ ಉದ್ದ ಉತ್ತರ ಬರೆದಿದ್ದೇನೆ, ಕೆಲವಕ್ಕೆ ಗಿಡ್ಡ. ಬೇಜಾರಾಗಬೇಡಿ.

ಪ್ರಶ್ನೆ: ಅಡುಗೆಮನೆ ಕಟ್ಟೆ ಮೇಲೆ ಎಫ್‌ಎಂ ರೇಡಿಯೋ ಇಟ್ಟಿದ್ದೇನೆ. ಕಡ್ಡಿ ಮುಟ್ಟಿದರೆ ಹಾಡು ಚೆನ್ನಾಗಿ ಬರುತ್ತೆ. ಕೈ ಬಿಟ್ಟರೆ ಗೊರಗೊರ. ನಾನೇನು ಇಡೀ ದಿನ ಅದನ್ನು ಹಿಡಿದುಕೊಂಡು ಚಪಾತಿ ಲಟ್ಟಿಸಲಾ?
— ಗೃಹಿಣಿ, ದಾವಣಗೆರೆ

ಉತ್ತರ: ಬೇಡ ತಾಯಿ, ರೇಡಿಯೋವನ್ನು ಎರಡಡಿ ಪಕ್ಕಕ್ಕೆ ಸರಿಸಿ ನೋಡಿ. ಯಾಕೆ ಅಂತ ಹೇಳುತ್ತೇನೆ.

ಅಗಲವಾದ ಬೋಗುಣಿಯಲ್ಲಿ ನೀರು ತುಂಬಿಕೊಂಡು ನಡೆದಿದ್ದೀರಲ್ವಾ? ನೀರು ಈ ಅಂಚಿನಿಂದ ಆ ಅಂಚಿಗೆ ತೂಗಾಡುತ್ತೆ. ನಿಮ್ಮ ಹೆಜ್ಜೆಯ ತಾಳ ಆ ತೂಗಾಟಕ್ಕೆ ಸರಿಹೊಂದಿಬಿಟ್ಟರೆ ನೀರು ಎದ್ದು ಸೀರೆ ಮೇಲೆ ಚೆಲ್ಲುತ್ತೆ. ಹೊಂದದಿದ್ದರೆ ಎಷ್ಟು ಜೋರಾಗಿ ನಡೆದರೂ ಅಷ್ಟು ಚೆಲ್ಲಲ್ಲ. ಆಂಟೆನಾ ಕಡ್ಡಿಯೊಳಗೂ ಹೀಗೇ. ಅಲ್ಲಿ ತೂಗಾಡುವುದು ಎಲೆಕ್ಟ್ರಾನುಗಳು, ತೂಗಿಸುವುದು ಗಾಳಿಯಲ್ಲಿ ಬಂದ ರೇಡಿಯೋ ಅಲೆ. ಕಡ್ಡಿಯ ಉದ್ದ ಅಲೆಯ ಉದ್ದಕ್ಕೆ ಹೊಂದಿದಾಗ ಅತಿ ಜಾಸ್ತಿ ತೂಗಾಟ.

ಅಲೆ ಎಷ್ಟುದ್ದ ಅಂತ ತಿಳಿಯಲು ಒಂದೇ ಭಾಗಾಕಾರ ಸಾಕು. 300ನ್ನು ಕೇಂದ್ರದ ಮೆಗಾಹರ್ಟ್ಸ್‌ನಿಂದ, ಅಂದರೆ ಎಫ್‌ಎಂ ಡಯಲ್ಲಿನ ಅಂಕಿಯಿಂದ, ಭಾಗಿಸಿದರೆ ಮೀಟರಿನಲ್ಲಿ ಉತ್ತರ ಬರುತ್ತೆ. ಬೆಂಗಳೂರಿನ ಎಫ್‌ಎಂ ರೈನ್‌ಬೋ 101.3. ಹಾಗಾದರೆ ಅಲೆ ಸುಮಾರು 2.96 ಮೀಟರ್. ಅದರ ಕಾಲು ಭಾಗ 74 ಸೆಂಟಿಮೀಟರ್. ನಿಮ್ಮ ರೇಡಿಯೋದ ಕಡ್ಡಿಯನ್ನು ಪೂರ್ತಿ ಎಳೆದು ಟೇಪ್ ಹಿಡಿಯಿರಿ. ಚಿಕ್ಕ ಸೆಟ್ಟುಗಳಲ್ಲಿ ಕಡ್ಡಿ ಇದಕ್ಕಿಂತ ಗಿಡ್ಡವೇ ಇರುತ್ತೆ. ಮುಟ್ಟಿದ ತಕ್ಷಣ ಉಪ್ಪುನೀರು ತುಂಬಿದ ನಿಮ್ಮ ಮೈಯೂ ಆಂಟೆನಾದ ಒಂದು ತುಂಡಾಗುತ್ತೆ. ಅದಕ್ಕೇ ಹಾಡು ಚೊಕ್ಕ.

ಇನ್ನೊಂದು ಕಾರಣ ನಿಮ್ಮ ಅಡುಗೆಮನೆಯದೇ. ಅಲೆ ಕಿಟಕಿಯಿಂದ ನೇರ ಬರುತ್ತೆ, ಫ್ರಿಜ್ಜಿಗೆ, ಗೋಡೆಯೊಳಗಿನ ಕಬ್ಬಿಣಕ್ಕೆ ಬಡಿದು ವಾಪಸ್ಸೂ ಬರುತ್ತೆ. ಎರಡೂ ಸೇರಿ ಒಂದು ಜಾಗದಲ್ಲಿ ಬಲವಾಗುತ್ತವೆ, ಅಲ್ಲಿಂದ ಮುಕ್ಕಾಲು ಮೀಟರ್ ಆಚೆ ಒಂದನ್ನೊಂದು ಹೊಡೆದು ಹಾಕುತ್ತವೆ. ಕಾರಿನಲ್ಲಿ ಟ್ರಾಫಿಕ್ ಸಿಗ್ನಲ್ ಹತ್ತಿರ ನಿಂತಾಗ ಗೊರಗೊರ ಅನ್ನುವ ರೇಡಿಯೋ, ಕಾರು ಎರಡಡಿ ಮುಂದೆ ಹೋದ ತಕ್ಷಣ ಸರಿಯಾಗುತ್ತೆ. ಗಮನಿಸಿದ್ದೀರಾ? ಇದೇ ಕಥೆ. ಮೊದಲು ಜಾಗ ಬದಲಿಸಿ. ಆಮೇಲೂ ಆಗದಿದ್ದರೆ ಒಂದು ತುಂಡು ವೈರನ್ನು ಕಡ್ಡಿಗೆ ಸಿಕ್ಕಿಸಿ, ಕಡ್ಡಿಯೂ ವೈರೂ ಸೇರಿ 74 ಸೆಂಟಿಮೀಟರ್ ಆಗುವಂತೆ ಮಾಡಿ. ಫೋನಿನಲ್ಲಿ ಇಯರ್‌ಫೋನ್ ಚುಚ್ಚದೆ ಎಫ್‌ಎಂ ಬರಲ್ಲ ಅಲ್ವಾ? ಅಂಗೈಯಷ್ಟು ಫೋನಿನೊಳಗೆ 74 ಸೆಂಟಿಮೀಟರ್ ಹಿಡಿಸಲ್ಲ. ಆ ಇಯರ್‌ಫೋನ್ ವೈರೇ ಅದರ ಆಂಟೆನಾ.

ಪ್ರಶ್ನೆ: ನನ್ನ ಹಳೇ ಟ್ರಾನ್ಸಿಸ್ಟರ್ ಹೊಸಮನೆಯಲ್ಲಿ ಮೀಡಿಯಂ ವೇವ್ ಹಿಡಿಯುತ್ತಿಲ್ಲ. ಕಡ್ಡಿ ಪೂರ್ತಿ ಎಳೆದರೂ ಪ್ರಯೋಜನವಿಲ್ಲ. ಕಡ್ಡಿ ಬದಲಿಸಲೇ?
— ನಿವೃತ್ತ ನೌಕರರು, ಭದ್ರಾವತಿ

ಉತ್ತರ: ರಾಯರೇ, ಮೀಡಿಯಂ ವೇವಿಗೂ ಆ ಕಡ್ಡಿಗೂ ಸಂಬಂಧವೇ ಇಲ್ಲ. ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ಅಂದರೆ 0.675 ಮೆಗಾಹರ್ಟ್ಸ್, ಅಲೆ 444 ಮೀಟರ್. ಕಾಲು ಭಾಗ ಅಂದರೂ 111 ಮೀಟರ್. ಅಷ್ಟುದ್ದದ ಕಡ್ಡಿ ಯಾರ ಮನೆಯಲ್ಲಿದೆ? ಪ್ರಸಾರ ಮಾಡುವವರ ಹತ್ತಿರ ಇರುತ್ತೆ. ಮೀಡಿಯಂ ವೇವ್ ಕೇಂದ್ರಗಳ ಕಂಬವೇ ಆಂಟೆನಾ. ಸಾಮಾನ್ಯವಾಗಿ ಅದರ ಬುಡ ಪಿಂಗಾಣಿ ಇನ್ಸುಲೇಟರ್ ಮೇಲೆ ನಿಂತಿರುತ್ತೆ. ಸುತ್ತ ನೆಲದೊಳಗೆ ತಾಮ್ರದ ತಂತಿಗಳನ್ನು ಚಕ್ರದ ಕಡ್ಡಿಗಳ ಹಾಗೆ ಹೂತಿರುತ್ತಾರೆ.

ನಿಮ್ಮ ಸೆಟ್ಟಿನೊಳಗೆ ಬೆರಳುದ್ದದ ಒಂದು ಕರೀ ಕಡ್ಡಿ ಇದೆ, ಮೇಲೆ ಸಣ್ಣ ತಂತಿ ಸುತ್ತಿರುತ್ತೆ. ಅದು ಫೆರೈಟ್. ಅಲೆಯಲ್ಲಿ ವಿದ್ಯುತ್ತಿನ ಭಾಗವೂ ಇದೆ, ಅಯಸ್ಕಾಂತದ ಭಾಗವೂ ಇದೆ. ಫೆರೈಟ್ ಹಿಡಿಯುವುದು ಎರಡನೆಯದನ್ನು. ಅದರ ತುದಿ ಕೇಂದ್ರದ ಕಡೆ ಚಾಚಿದ್ದರೆ ಸದ್ದು ಬಹುಮಟ್ಟಿಗೆ ಸತ್ತೇ ಹೋಗುತ್ತೆ, ಅಡ್ಡ ಮಲಗಿದ್ದರೆ ಜೋರು. ಹಳೇ ಮನೆಯಲ್ಲಿ ಸೆಟ್ಟು ಯಾವ ದಿಕ್ಕಿಗಿತ್ತೋ, ಹೊಸಮನೆಯ ಗೂಡಿನಲ್ಲಿ ಬೇರೆ ದಿಕ್ಕಿಗೆ ಕೂತಿದೆ. ತಿರುಗಿಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ಒಮ್ಮೆ ಮನೆಯ ಮೇನ್ ಸ್ವಿಚ್ ಆರಿಸಿ, ಸೆಲ್ ಹಾಕಿ ಕೇಳಿ. ಸದ್ದು ತಿಳಿಯಾದರೆ ಕಳ್ಳ ಸಿಕ್ಕಿದ ಹಾಗೆ. ಎಲ್‌ಇಡಿ ಬಲ್ಬು, ಇನ್ವರ್ಟರ್, ಮೊಬೈಲ್ ಚಾರ್ಜರ್ ಈ ಮೂರರಲ್ಲಿ ಒಂದು.

ಪ್ರಶ್ನೆ: ಅಣ್ಣಾ, ನಮ್ಮ ಮನೆ ತೋಟದ ಕಣಿವೆಯಲ್ಲಿದೆ. ರೇಂಜ್ ಸಿಗಲ್ಲ. ಫೋನ್ ಮಾಡಲು ಸೊಪ್ಪಿನಬೆಟ್ಟ ಹತ್ತಬೇಕು. ಆನ್‌ಲೈನಿನಲ್ಲಿ ಬೂಸ್ಟರ್ ಅಂತ ಸಿಗುತ್ತಲ್ಲ, ಹಾಕಿಸಬಹುದಾ?
— ಅಡಿಕೆ ಬೆಳೆಗಾರ, ಹೊಸನಗರ

ಉತ್ತರ: ಬೇಡ ತಮ್ಮಾ. ಮೊದಲನೆಯದಾಗಿ ಅನುಮತಿ ಇಲ್ಲದೆ ಬೂಸ್ಟರ್ ಹಾಕುವುದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ. ಎರಡನೆಯದು, ಅದು ಒಳ್ಳೆಯದರ ಜೊತೆ ಗಲಾಟೆಯನ್ನೂ ದೊಡ್ಡದು ಮಾಡಿ ಟವರಿಗೆ ಕಳಿಸುತ್ತೆ. ಒಳಗಿನ ಆಂಟೆನಾ, ಹೊರಗಿನ ಆಂಟೆನಾ ಹತ್ತಿರ ಹತ್ತಿರ ಇದ್ದರಂತೂ ಮುಗಿಯಿತು. ಮದುವೆಮನೆಯಲ್ಲಿ ಮೈಕ್ ಹಿಡಿದು ಸ್ಪೀಕರ್ ಮುಂದೆ ಹೋದರೆ ಕುಂಯ್ ಅನ್ನುತ್ತಲ್ಲ, ಹಾಗೆ ಅದು ಕೂಗಲು ಶುರು ಮಾಡುತ್ತೆ. ನಮಗೆ ಕೇಳಿಸಲ್ಲ ಅಷ್ಟೆ. ಆ ಟವರ್ ನಂಬಿಕೊಂಡ ಅಕ್ಕಪಕ್ಕದ ಊರಿನವರ ಫೋನೂ ಕೆಡುತ್ತೆ.

ಕಾನೂನಿಗೆ ಒಪ್ಪುವ ದಾರಿ ಇದೆ. ಸಿಮ್ ಹಾಕುವ 4ಜಿ ರೂಟರುಗಳಲ್ಲಿ ಹೊರಗಿನ ಆಂಟೆನಾಕ್ಕೆ ತೂತು ಇರುವಂಥವು ಸಿಗುತ್ತವೆ. ಅದಕ್ಕೆ ದಿಕ್ಕು ನೋಡುವ ಆಂಟೆನಾ ಸಿಕ್ಕಿಸಿ ಟವರ್ ಕಡೆ ತಿರುಗಿಸಬೇಕು. ಅಂಗಡಿಯವನು "ಇಷ್ಟು ಡಿಬಿ ಗೇನ್" ಅನ್ನುತ್ತಾನೆ, ಅಂದರೆ ತಿರುಗಿಸಿದ ದಿಕ್ಕಿನಲ್ಲಿ ಎಷ್ಟು ಜಾಸ್ತಿ ಹಿಡಿಯುತ್ತೆ ಅನ್ನುವ ಲೆಕ್ಕ. ಆಂಟೆನಾ ತನ್ನ ಕೈಯಿಂದ ಶಕ್ತಿ ಸೇರಿಸಲ್ಲ. ಕಿವಿ ಹಿಂದೆ ಅಂಗೈ ಅಡ್ಡ ಇಟ್ಟ ಹಾಗೆ, ಒಂದು ಕಡೆಯದನ್ನು ಜಾಸ್ತಿ ಕೇಳಿ ಉಳಿದ ಕಡೆಯದನ್ನು ಬಿಡುತ್ತೆ. ಆದ್ದರಿಂದ ದಿಕ್ಕು ತಪ್ಪಿದರೆ ಕೊಟ್ಟ ದುಡ್ಡು ಹೊಳೆಗೆ.

ಈಗ ಅಳತೆ. 900 ಮೆಗಾಹರ್ಟ್ಸ್ ಅಲೆ 33 ಸೆಂಟಿಮೀಟರ್, 1800ರದ್ದು 17, 2300ರದ್ದು 13. ನಿಮ್ಮ ಟವರ್ ಯಾವುದರಲ್ಲಿ ಬರುತ್ತಿದೆ ಅಂತ ಫೋನಿನ ಯಾವುದಾದರೂ ನೆಟ್‌ವರ್ಕ್ ಆ್ಯಪಿನಲ್ಲಿ ನೋಡಿಕೊಂಡೇ ಆಂಟೆನಾ ಕೊಳ್ಳಿ. ಉದ್ದ ಅಲೆ ಗುಡ್ಡದ ನೆತ್ತಿಯ ಮೇಲೆ ಸ್ವಲ್ಪ ಬಾಗಿ ಈಚೆಗೂ ಇಳಿಯುತ್ತೆ, ಗಿಡ್ಡ ಅಲೆ ಅಷ್ಟು ಬಾಗಲ್ಲ. ಒದ್ದೆ ಎಲೆಯೂ ಅಲೆಯನ್ನು ನುಂಗುತ್ತೆ. ಬೇಸಿಗೆಯಲ್ಲಿ ಫೋನಿನ ಪರದೆಯಲ್ಲಿ ಒಂದು ಗೆರೆಯಷ್ಟು ಸಿಗುತ್ತಿದ್ದ ರೇಂಜು ಆಷಾಢದಲ್ಲಿ ಮಾಯವಾಗುವುದು ಅದಕ್ಕೇ.

ಇಲ್ಲೊಂದು ತಪ್ಪು ಬಹಳ ಜನ ಮಾಡುತ್ತಾರೆ. ಆಂಟೆನಾ ಮೇಲೆ ಕಟ್ಟಿ, ಉದ್ದ ಕೇಬಲ್ ಇಳಿಸಿ, ರೂಟರನ್ನು ಜಗುಲಿಯಲ್ಲಿ ಇಡುತ್ತಾರೆ. ಡಿಶ್ಶಿಗೆ ಹಾಕುವ ಮಾಮೂಲಿ ಕೇಬಲ್ ಈ ಅಲೆಗೆ 10 ಮೀಟರ್ ಇಳಿಯುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ತಿಂದುಬಿಡುತ್ತೆ. 30 ಮೀಟರಿಗೆ ಉಳಿಯುವುದು ಎಂಟನೇ ಒಂದು ಪಾಲು. ಅದಕ್ಕೆ ರೂಟರನ್ನೇ ಮಳೆ ತಾಗದ ಡಬ್ಬಿಯಲ್ಲಿ ಮೇಲೆ ಆಂಟೆನಾ ಹತ್ತಿರ ಇಡಿ. ಕೆಳಗೆ ಲ್ಯಾನ್ ವೈರ್ ಇಳಿಸಿ. ರೂಟರಿಗೆ ಎರಡು ತೂತಿದ್ದರೆ ಎರಡು ಆಂಟೆನಾ ಹಾಕಬೇಕು, ಒಂದು ಬಲಕ್ಕೆ 45 ಡಿಗ್ರಿ ವಾಲಿಸಿ, ಇನ್ನೊಂದು ಎಡಕ್ಕೆ. ಟವರಿನವರೂ ಹಾಗೇ ಕಳಿಸುತ್ತಾರೆ.

ಪ್ರಶ್ನೆ: ತಾರಸಿ ಮೇಲೆ ಹಳೇ ಟಿವಿ ಆಂಟೆನಾ ಹಾಗೇ ಇದೆ. ಅಷ್ಟು ಕಡ್ಡಿಗಳಲ್ಲಿ ಒಂದಕ್ಕೆ ಮಾತ್ರ ವೈರ್ ಇದೆ. ಉಳಿದವು ಶೋಕಿಗಾ? ಈಗ ಅದರಿಂದ ಏನಾದರೂ ಉಪಯೋಗ ಉಂಟಾ?
— ಶಿಕ್ಷಕಿ, ಪುತ್ತೂರು

ಉತ್ತರ: ಮೇಡಂ, ನಿಮ್ಮ ಪ್ರಶ್ನೆ ಓದಿ ನಗು ಬಂತು. 1986ರಲ್ಲೋ 87ರಲ್ಲೋ ಒಬ್ಬರ ಮನೆಗೆ ಆಂಟೆನಾ ಕಟ್ಟಿ ಬಂದೆ. ಮಾರನೇ ದಿನ ಬೆಳಿಗ್ಗೆಯೇ ಅಂಗಡಿಗೆ ಬಂದರು. "ಐದು ಕಡ್ಡಿಗೆ ದುಡ್ಡು ತಗೊಂಡು ಒಂದಕ್ಕೆ ಮಾತ್ರ ವೈರ್ ಹಾಕಿದ್ದೀಯಲ್ಲ, ಇದು ನ್ಯಾಯವಾ?" ಅಂತ. ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ತಾರಸಿಗೆ ಕರೆದೊಯ್ದು ಹಿಂದಿನ ಕಡ್ಡಿ ಬಿಚ್ಚಿ ತೋರಿಸಿದೆ. ಚಿತ್ರ ಮಸುಕಾಯಿತು. ವಾಪಸ್ ಹಾಕಿದೆ, ತಿಳಿಯಾಯಿತು. ಕಾಫಿ ಕೊಟ್ಟು ಕಳಿಸಿದರು.

ವೈರ್ ಇರುವ ಕಡ್ಡಿ ಅರ್ಧ ಅಲೆಯ ಉದ್ದ. ಹಿಂದಿನದು ಅದಕ್ಕಿಂತ ಸುಮಾರು ನೂರಕ್ಕೆ ಐದು ಪಾಲು ಉದ್ದ, ಮುಂದಿನವು ಅಷ್ಟೇ ಗಿಡ್ಡ. ಅಲೆ ತಾಗಿದಾಗ ಈ ವೈರಿಲ್ಲದ ಕಡ್ಡಿಗಳಲ್ಲೂ ಎಲೆಕ್ಟ್ರಾನು ತೂಗಾಡುತ್ತೆ, ಅವೂ ತಮ್ಮ ಪಾಲಿನ ಅಲೆ ಹೊರಡಿಸುತ್ತವೆ. ಉದ್ದದ ಕಡ್ಡಿಯ ತೂಗಾಟ ಒಂದು ಬಗೆಯಲ್ಲಿ ತಾಳ ತಪ್ಪುತ್ತೆ, ಗಿಡ್ಡದ್ದು ಇನ್ನೊಂದು ಬಗೆಯಲ್ಲಿ. ಆ ತಾಳ ಎಷ್ಟು ತಪ್ಪಬೇಕು ಅಂತ ಲೆಕ್ಕ ಹಾಕಿಯೇ ಕಡ್ಡಿಗಳ ಉದ್ದ, ನಡುವಿನ ಅಂತರ ಇಟ್ಟಿರುತ್ತಾರೆ. ಮುಂದಿನಿಂದ ಬಂದದ್ದು ವೈರಿನ ಕಡ್ಡಿಯ ಮೇಲೆ ಒಟ್ಟುಗೂಡುತ್ತೆ, ಹಿಂದಿನಿಂದ ಬಂದದ್ದು ಒಂದನ್ನೊಂದು ಕಳೆಯುತ್ತೆ. ಆ ಕಡ್ಡಿಗಳ ನಡುವನ್ನು ಲೋಹದ ದಂಡಕ್ಕೆ ನೇರ ಸ್ಕ್ರೂ ಹಾಕಿದ್ದರೂ ತೊಂದರೆಯಿಲ್ಲ. ಬೋಗುಣಿಯ ನೀರು ಅಂಚಿನಲ್ಲಿ ಏರಿಳಿಯುತ್ತೆ, ನಟ್ಟನಡುವೆ ಮಟ್ಟ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಹಾಗೆಯೇ ಕಡ್ಡಿಯ ನಡುವೆ ವೋಲ್ಟೇಜು ಸೊನ್ನೆ.

ಇದರ ಹೆಸರು ಯಾಗಿ-ಉಡಾ ಆಂಟೆನಾ. 1926ರ ಹೊತ್ತಿಗೆ ಜಪಾನಿನ ತೋಹೊಕು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಪ್ರಯೋಗದ ಬಹುಪಾಲು ಶಿಂತಾರೋ ಉಡಾ ಅವರದ್ದು. 1928ರಲ್ಲಿ ಇಂಗ್ಲಿಷಿನಲ್ಲಿ ಲೇಖನ ಬರೆದವರು ಹಿರಿಯ ಪ್ರೊಫೆಸರ್ ಹಿದೆತ್ಸುಗು ಯಾಗಿ. ಆದ್ದರಿಂದ ಜನರ ಬಾಯಲ್ಲಿ ಯಾಗಿ ಒಬ್ಬರೇ ಉಳಿದರು. ಉಡಾ ಅವರಿಗೆ ಅನ್ಯಾಯವಾಯಿತು ಅಂತ ನನಗಂತೂ ಅನ್ನಿಸುತ್ತೆ.

1942ರಲ್ಲಿ ಜಪಾನೀಯರು ಸಿಂಗಾಪುರ ಹಿಡಿದಾಗ ಬ್ರಿಟಿಷ್ ರೇಡಾರ್ ಸೈನಿಕನೊಬ್ಬನ ಟಿಪ್ಪಣಿ ಪುಸ್ತಕ ಅವರಿಗೆ ಸಿಕ್ಕಿತು. ಅದರ ತುಂಬ "ಯಾಗಿ" ಅನ್ನುವ ಪದ. ಇದೇನು ಅಂತ ಅವರಿಗೆ ಗೊತ್ತಾಗಲಿಲ್ಲ. ಸೆರೆಸಿಕ್ಕ ಸೈನಿಕನನ್ನೇ ಕೇಳಿದರು. ಅದು ನಿಮ್ಮ ಜಪಾನಿನ ಪ್ರೊಫೆಸರರ ಹೆಸರು ಅಂತ ಅವನು ಹೇಳಬೇಕಾಯಿತು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ನಮ್ಮಲ್ಲಿ ಮಾತ್ರ ಅಲ್ಲ, ನೋಡಿ.

ಉಪಯೋಗ ಕೇಳಿದ್ದೀರಿ. ದೂರದರ್ಶನದ ಹಳೇ ಟ್ರಾನ್ಸ್‌ಮಿಟರುಗಳು 2021ರ ಹೊತ್ತಿಗೆ ಬಹುತೇಕ ಮುಚ್ಚಿದವು. 200 ಮೆಗಾಹರ್ಟ್ಸ್ ಆಸುಪಾಸಿನ ಚಾನೆಲ್ಲಿಗೆ ಮಾಡಿದ ಆಂಟೆನಾದಲ್ಲಿ ವೈರಿನ ಕಡ್ಡಿ ಸುಮಾರು 72 ಸೆಂಟಿಮೀಟರ್. ಎಫ್‌ಎಂಗೆ ಅದರ ಎರಡರಷ್ಟು ಬೇಕು. ಹಾಗೇ ಹಾಕಿದರೆ ಸರಿಹೋಗಲ್ಲ. ಅದರ ಎರಡು ಅಲ್ಯುಮಿನಿಯಂ ಪೈಪು ಬಿಚ್ಚಿ, ತಲಾ 70 ಸೆಂಟಿಮೀಟರಿಗೆ ಕೊಯ್ದು, ನಡುವೆ ಸ್ವಲ್ಪ ಸಂದು ಬಿಟ್ಟು ಒಂದು ಮರದ ಪಟ್ಟಿಗೆ ನೇರವಾಗಿ ಕೂರಿಸಿ. ಸಂದಿನ ಎರಡೂ ಬದಿಗೆ ಕೇಬಲಿನ ಎರಡು ಎಳೆ. ನಿಲ್ಲಿಸಿ ನೋಡಿ, ಮಲಗಿಸಿ ನೋಡಿ, ಯಾವುದು ಚೆಂದ ಅನ್ನಿಸುತ್ತೋ ಹಾಗೆ ಕಟ್ಟಿ. ನಿಮ್ಮ ಶಾಲೆಯ ಮಕ್ಕಳಿಗೆ ಒಂದು ಶನಿವಾರದ ಕೆಲಸ.

ಪ್ರಶ್ನೆ: ಮಳೆ ಬಂದರೆ ಡಿಶ್ ಟಿವಿ ಹೋಗುತ್ತೆ. ಉಪಗ್ರಹ ಆಕಾಶದಲ್ಲಿದ್ದರೆ ಡಿಶ್ ಯಾಕೆ ತಲೆ ತಗ್ಗಿಸಿ ಪಕ್ಕದ ಮನೆ ನೋಡುತ್ತಿದೆ?
— ಕಿರಾಣಿ ಅಂಗಡಿಯವರು, ಕಲಬುರಗಿ

ಉತ್ತರ: ಎರಡೂ ಒಳ್ಳೇ ಪ್ರಶ್ನೆ. ಡಿಶ್ಶಿನ ಅಲೆ 11-12 ಗಿಗಾಹರ್ಟ್ಸ್ (11-12 ಸಾವಿರ ಮೆಗಾಹರ್ಟ್ಸ್), ಅಂದರೆ ಎರಡೂವರೆ ಸೆಂಟಿಮೀಟರ್ ಅಷ್ಟೆ. ದಪ್ಪ ಮಳೆಹನಿ ಇಷ್ಟು ಸಣ್ಣ ಅಲೆಯನ್ನು ನುಂಗುತ್ತೆ, ಚದುರಿಸುತ್ತೆ. 35,786 ಕಿಲೋಮೀಟರ್ ಎತ್ತರದಿಂದ ಬಂದ ಅಲೆಗೆ ಕೊನೆಯ ನಾಲ್ಕೈದು ಕಿಲೋಮೀಟರೇ ಕಂಟಕ. ಡಿಶ್ ಸ್ವಲ್ಪ ದಿಕ್ಕು ತಪ್ಪಿದ್ದರೆ ಬಿಸಿಲಲ್ಲಿ ಗೊತ್ತಾಗಲ್ಲ, ತುಂತುರಿಗೇ ಹೋಗಿಬಿಡುತ್ತೆ. ಸಣ್ಣ ಮಳೆಗೂ ಹೋಗುತ್ತಿದ್ದರೆ ಅಲೈನ್‌ಮೆಂಟ್ ಮಾಡಿಸಿ. ದೊಡ್ಡ ಮಳೆಗೆ ಹೋದರೆ ಕಾಯಿರಿ.

ತಲೆ ತಗ್ಗಿಸಿದ್ದು ನಮ್ಮ ಕಣ್ಣಿಗೆ ಮಾತ್ರ. ಕರ್ನಾಟಕದಿಂದ ನೋಡಿದರೆ ಉಪಗ್ರಹ ನೆತ್ತಿಯಿಂದ ಸ್ವಲ್ಪವೇ ಕೆಳಗಿದೆ. ಈ ಡಿಶ್ಶು ಒಂದು ದೊಡ್ಡ ಬೋಗುಣಿಯ ಬದಿಯಿಂದ ಕೊಯ್ದ ತುಂಡು. ಪೂರ್ತಿ ಬೋಗುಣಿಯಾಗಿದ್ದರೆ ನಡುವೆ ನಿಂತ ಎಲ್‌ಎನ್‌ಬಿಯ (ಡಿಶ್ಶಿನ ಮುಂದೆ ಕೋಲಿನ ತುದಿಯಲ್ಲಿ ಅಲೆ ಹಿಡಿಯುವ ಡಬ್ಬಿ) ನೆರಳು ಅದರ ಮೇಲೇ ಬೀಳುತ್ತಿತ್ತು. ಬದಿಯ ತುಂಡಾದ್ದರಿಂದ ಎಲ್‌ಎನ್‌ಬಿ ಕೆಳಗಿನಿಂದ ಇಣುಕುತ್ತೆ, ದಾರಿಗೆ ಅಡ್ಡ ಬರಲ್ಲ. ಡಿಶ್ಶಿನ ಮುಖ ತೋರುವುದಕ್ಕಿಂತ ಇಪ್ಪತ್ತು ಇಪ್ಪತ್ತೈದು ಡಿಗ್ರಿ ಮೇಲೆ ಅದರ ನಿಜವಾದ ನೋಟ. ಮಳೆನೀರೂ ಅದರಲ್ಲಿ ನಿಲ್ಲಲ್ಲ, ಅದೊಂದು ಲಾಭ.

ಪ್ರಶ್ನೆ: ಸರ್, ನಾನು ಇಂಜಿನಿಯರಿಂಗ್ ಮೂರನೇ ವರ್ಷ. ಆಂಟೆನಾ ಪಾಠದಲ್ಲಿ ಬರೀ ಸೂತ್ರ. ನಿಜವಾಗಿ ಡಿಸೈನ್ ಮಾಡುವುದು ಹೇಗೆ?
— ವಿದ್ಯಾರ್ಥಿನಿ, ಚಿಂತಾಮಣಿ

ಉತ್ತರ: ಮಗಳೇ, ನನ್ನ ಮೊದಲ ಪೆಟ್ಟಿನ ಕಥೆ ಕೇಳು. 1988ರಲ್ಲಿ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ, ಲೈಸೆನ್ಸ್ ಸಿಕ್ಕಿತು. 7.05 ಮೆಗಾಹರ್ಟ್ಸ್‌ಗೆ ಡೈಪೋಲ್ ಕಟ್ಟಬೇಕು, ಅಂದರೆ ನಡುವೆ ಕೇಬಲ್ ಕೊಟ್ಟ ಎರಡು ತುಂಡಿನ ನೇರ ತಂತಿ. ಅರ್ಧ ಅಲೆ ಅಂದರೆ 150ನ್ನು 7.05ರಿಂದ ಭಾಗಿಸು, 21.3 ಮೀಟರ್. ಪುಸ್ತಕದ ಪ್ರಕಾರ ಕೊಯ್ದೆ. ಅಡಿಕೆ ಕೊಯ್ಯುವ ಕೊನೆಗಾರನ ಕೈಲಿ ಎರಡು ಅಡಿಕೆ ಮರದ ತುದಿಗೆ ಕಟ್ಟಿಸಿದೆ. ಎಸ್‌ಡಬ್ಲ್ಯುಆರ್ ಮೀಟರಿನ ಮುಳ್ಳು ನೆಟ್ಟಗೆ ಬಲಕ್ಕೆ ಹಾರಿತು. ಕಳಿಸಿದ್ದು ಹೋಗುವ ಬದಲು ಹೆಚ್ಚಿನ ಪಾಲು ವಾಪಸ್ಸು ಬರುತ್ತಿದೆ ಅಂತ ಅರ್ಥ. ನಿಜವಾದ ತಂತಿಗೆ ದಪ್ಪ ಇರುತ್ತೆ, ತುದಿಯಲ್ಲಿ ಇನ್ಸುಲೇಟರ್ ಇರುತ್ತೆ, ಕೆಳಗೆ ನೆಲ ಇರುತ್ತೆ. ಹಾಗಾಗಿ 150ರ ಬದಲು ಸುಮಾರು 143 ಹಿಡಿಯಬೇಕು. ಆಗ 20.3 ಮೀಟರ್. ನನ್ನ ತಂತಿ ಒಂದು ಮೀಟರ್ ಉದ್ದವಾಗಿತ್ತು. ಪುಣ್ಯಕ್ಕೆ ಉದ್ದವಾಗಿತ್ತು. ಗಿಡ್ಡವಾಗಿದ್ದರೆ ತಂತಿ ದಂಡ. ಈಗಲೂ ಬೇಕೆಂದೇ ಒಂದಡಿ ಜಾಸ್ತಿ ಬಿಟ್ಟು, ಮುಳ್ಳು ನೋಡುತ್ತಾ ಎರಡೂ ತುದಿಯಿಂದ ಇಷ್ಟಿಷ್ಟೇ ಕೊಯ್ಯುತ್ತೇನೆ.

ಎರಡನೇ ಪೆಟ್ಟು ಮೊದಲ ಮಳೆಗಾಲದಲ್ಲಿ. ಗಾಳಿಗೆ ಒಂದು ಅಡಿಕೆ ಮರ ಈ ಕಡೆ, ಇನ್ನೊಂದು ಆ ಕಡೆ ಬಾಗಿ ತಂತಿ ಪಟ್ಟನೆ ಹರಿಯಿತು. ಆಮೇಲೆ ಒಂದು ತುದಿಗೆ ರಾಟೆ ಹಾಕಿ, ಹಗ್ಗಕ್ಕೆ ಕಲ್ಲು ಕಟ್ಟಿದೆ. ಮರ ಬಾಗಿದರೆ ಕಲ್ಲು ಮೇಲೆ ಹೋಗುತ್ತೆ, ತಂತಿ ಉಳಿಯುತ್ತೆ. ಇದು ಯಾವ ಸೂತ್ರದಲ್ಲೂ ಇರಲಿಲ್ಲ.

ಉದ್ದ ಸರಿಯಾದ ಮೇಲೆ ಜೋಡಣೆ ನೋಡಬೇಕು. ಸಣ್ಣ ಹಗ್ಗಕ್ಕೆ ದಪ್ಪ ಹಗ್ಗ ಗಂಟು ಹಾಕಿ ಒಂದು ತುದಿ ಜಾಡಿಸು. ಅಲೆ ಗಂಟಿನವರೆಗೆ ಹೋಗಿ ಸ್ವಲ್ಪ ಹಿಂದಕ್ಕೆ ಬರುತ್ತೆ. ಅಲೆಗೆ ಒಡ್ಡುವ ತಡೆ (ಇಂಪೆಡೆನ್ಸ್) ಕೇಬಲಿನದು 50 ಓಮ್, ಆಂಟೆನಾದ್ದು 300 ಓಮ್ ಆದರೆ ಇದೇ ಗತಿ. ನೆಲದಿಂದ ಸಾಕಷ್ಟು ಎತ್ತರದ ಡೈಪೋಲ್ ಸುಮಾರು 73 ಓಮ್. ಎತ್ತರ ಬದಲಾದರೆ ಅದೂ ಬದಲಾಗುತ್ತೆ. ನಿನಗೆ ನಮಗಿಲ್ಲದ ಅನುಕೂಲ ಇದೆ. ಎನ್‌ಇಸಿ ಲೆಕ್ಕದ ಪ್ರೋಗ್ರಾಂಗಳು ಪುಕ್ಕಟೆ ಸಿಗುತ್ತವೆ. ತಂತಿಯನ್ನು ಸಣ್ಣ ಸಣ್ಣ ತುಂಡು ಮಾಡಿ ಪ್ರತಿ ತುಂಡಿನ ಕರೆಂಟು ಲೆಕ್ಕ ಹಾಕಿ ಕೊಡುತ್ತವೆ. ಆಂಟೆನಾ ಅಳೆಯಲು ನ್ಯಾನೋವಿಎನ್‌ಎ ಅನ್ನುವ ಅಂಗೈಯಗಲದ ಮೀಟರ್ ಕೆಲವು ಸಾವಿರಕ್ಕೆ ಬರುತ್ತೆ. ಕಾಲೇಜಿನಲ್ಲಿ ಇಲ್ಲದಿದ್ದರೆ ನಾಲ್ಕು ಜನ ಸೇರಿ ಕೊಳ್ಳಿ.

ಇನ್ನೊಂದು ಮಾತು. ನಿಮ್ಮ ಜಿಲ್ಲೆಯಲ್ಲೇ, ಗೌರಿಬಿದನೂರಿನ ಹತ್ತಿರ, ದೇಶದ ಒಂದು ಅಪರೂಪದ ಆಂಟೆನಾ ಇದೆ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1970ರ ದಶಕದಲ್ಲಿ ಕಟ್ಟಿದ್ದು. 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶ ಕೇಳುವ ದೂರದರ್ಶಕ. ಆ ಅಲೆ 8.7 ಮೀಟರ್ ಉದ್ದ. ಅಷ್ಟು ಉದ್ದದ ಅಲೆಗೆ ಸೂಕ್ಷ್ಮ ನೋಟ ಬೇಕಾದರೆ ಕಿಲೋಮೀಟರ್ ಅಗಲದ ಡಿಶ್ ಬೇಕು. ಅದನ್ನು ಕಟ್ಟಿ ತಿರುಗಿಸುವವರು ಯಾರು? ಅದಕ್ಕೆ ಕಂಬ ನೆಟ್ಟು 1,000 ಡೈಪೋಲ್ ಹರಡಿದರು. ಇಂಗ್ಲಿಷಿನ ಟಿ ಅಕ್ಷರದ ಆಕಾರ, ಪೂರ್ವ-ಪಶ್ಚಿಮಕ್ಕೆ ಸುಮಾರು 1.4 ಕಿಲೋಮೀಟರ್, ದಕ್ಷಿಣಕ್ಕೆ ಅರ್ಧ ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಯಾವ ಕಂಬವೂ ಅಲ್ಲಾಡಲ್ಲ. ಡೈಪೋಲುಗಳಿಂದ ಬಂದದ್ದನ್ನು ಒಂದಕ್ಕಿಂತ ಒಂದು ಚೂರು ತಡಮಾಡಿ ಕೂಡಿಸುತ್ತಾರೆ. ತೇರು ಎಳೆಯುವಾಗ ಎಲ್ಲರೂ ಒಂದೇ ಕೂಗಿಗೆ ಹಗ್ಗ ಜಗ್ಗಿದ ಹಾಗೆ, ಒಂದು ದಿಕ್ಕಿನಿಂದ ಬಂದದ್ದು ಮಾತ್ರ ಒಟ್ಟಿಗೆ ಸೇರುತ್ತೆ. ತಡ ಎಷ್ಟು ಅನ್ನುವುದನ್ನು ಬದಲಿಸಿದರೆ ನೋಟದ ದಿಕ್ಕು ಬದಲು. 5ಜಿ ಟವರಿನಲ್ಲಿ ಬೀಮ್ ತಿರುಗಿಸುತ್ತಾರೆ ಅಂತ ಓದುತ್ತೀಯಲ್ಲ, ಬುಡ ಇದೇ.

ಡಿಶ್ಶೇ ಬೇಕು ಅನ್ನುವ ಕಡೆ ಡಿಶ್ ಕಟ್ಟುತ್ತಾರೆ. ಬೆಂಗಳೂರಿನ ಆಚೆ ಬ್ಯಾಲಾಳುವಿನಲ್ಲಿ ಇಸ್ರೋದ 32 ಮೀಟರ್ ಡಿಶ್ ಇದೆ, ಚಂದ್ರಯಾನ-1ರ ಕಾಲದ್ದು. ಮನೆಯ 60 ಸೆಂಟಿಮೀಟರ್ ಡಿಶ್ಶಿಗಿಂತ ಅದರ ವಿಸ್ತೀರ್ಣ 2,800 ಪಟ್ಟು ದೊಡ್ಡದು. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮಂಗಳನ ಸುತ್ತ ಸೇರಿಕೊಂಡಾಗ ಅಲ್ಲಿಂದ ಭೂಮಿಗೆ ಸುದ್ದಿ ಮುಟ್ಟಲು 12 ನಿಮಿಷಕ್ಕೂ ಜಾಸ್ತಿ ಹಿಡಿಯುತ್ತಿತ್ತು. ಅಷ್ಟು ದೂರದ ಪಿಸುಮಾತಿಗೆ ಅಷ್ಟು ದೊಡ್ಡ ಕಿವಿ.

ಪ್ರಶ್ನೆ: ನಮ್ಮ ಕಟ್ಟಡದ ಮೇಲೆಯೇ ಮೊಬೈಲ್ ಟವರ್ ಇದೆ. ಕೆಳಗೆ ಮಲಗಲು ಹೆದರಿಕೆ.
— ಓದುಗರು, ಹುಬ್ಬಳ್ಳಿ

ಉತ್ತರ: ಆ ಉದ್ದ ಡಬ್ಬಿಗಳೊಳಗೆ ಒಂದರ ಮೇಲೊಂದು ಸಣ್ಣ ಆಂಟೆನಾ ಜೋಡಿಸಿರುತ್ತಾರೆ. ಅದರ ಅಲೆ ಬ್ಯಾಟರಿ ಬೆಳಕಿನ ಹಾಗೆ ಮುಂದಕ್ಕೆ, ಸ್ವಲ್ಪ ಕೆಳಕ್ಕೆ ಹೋಗುತ್ತೆ. ನೇರ ಬುಡಕ್ಕೆ ಬೀಳುವುದು ಬಹಳ ಕಡಿಮೆ. ನೋಡಬೇಕಾದದ್ದು ಡಬ್ಬಿಯ ಎದುರಿಗೇ, ಅದೇ ಎತ್ತರದಲ್ಲಿ, ಹತ್ತಿರದಲ್ಲಿ ಯಾರದಾದರೂ ತಾರಸಿ, ಕಿಟಕಿ ಇದೆಯಾ ಅಂತ. ಅನುಮಾನ ಇದ್ದರೆ ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಜಾಲತಾಣದಲ್ಲಿ ಶುಲ್ಕ ಕಟ್ಟಿ ಅಳತೆ ಕೇಳಬಹುದು.

ಪ್ರಶ್ನೆ: ಅಜ್ಜನ ಕಾಲದ ವಾಲ್ವ್ ರೇಡಿಯೋ ಜೊತೆ ತಾಮ್ರದ ಬಲೆಯಂಥ ಉದ್ದ ಪಟ್ಟಿ ಸಿಕ್ಕಿದೆ. ಗುಜರಿಗೆ ಹಾಕಲಾ?
— ಕೃಷಿಕ, ಶಿರಸಿ

ಉತ್ತರ: ಹಾಕಬೇಡಿ ಮಾರಾಯ್ರೇ! ಅದು ಜಾಲರಿ ಏರಿಯಲ್. ಜಗುಲಿಯ ಈ ಗೋಡೆಯಿಂದ ಆ ಗೋಡೆಗೆ ಕಟ್ಟುತ್ತಿದ್ದರು. ಎರಡೂ ತುದಿಗೆ ಪಿಂಗಾಣಿ ಗುಂಡಿ ಇರುತ್ತೆ, ಅದನ್ನೂ ಹುಡುಕಿ. ಮೇಲೆ ಹಸಿರು ಕಿಲುಬು ಹಿಡಿದಿದ್ದರೆ ಹುಣಸೆಹಣ್ಣು ಹಾಕಿ ತಿಕ್ಕಿ, ತೊಳೆದು ಒಣಗಿಸಿ. ಮೊದಲು ರೇಡಿಯೋಕ್ಕೆ ಕರೆಂಟು ಕೊಡಬೇಡಿ. ಹಳೇ ಕಂಡೆನ್ಸರ್ ಸಿಡಿಯುತ್ತೆ, ಗೊತ್ತಿರುವವರಿಗೆ ತೋರಿಸಿ. ರೇಡಿಯೋ ಸರಿಯಾದ ಮೇಲೆ ಪಟ್ಟಿಯನ್ನು ಅಡಿಕೆ ದಬ್ಬೆಯ ಮೇಲೆ ಅಂಗಳದಲ್ಲಿ ಕಟ್ಟುವ ಆಸೆ ಬಂದರೆ, ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳುವ ಮೊದಲೇ ಏರಿಯಲ್ ಪಿನ್ ಕಿತ್ತು ಹೊರಗೆ ಹಾಕಿ. ಗೋಡೆಯ ಪ್ಲಗ್ಗೂ ಅಷ್ಟೇ. ಬರೀ ಸ್ವಿಚ್ ಆರಿಸಿದರೆ ಸಾಲದು.